ಕುರ್ಚಿ ಬೋರಲು ಹಾಕಿ ನೋಡಿ: ಹಳೇ ಈಮ್ಸ್ ಫೈಬರ್‌ಗ್ಲಾಸ್ ಕುರ್ಚಿಯ ವಯಸ್ಸು ಹಿಡಿಯುವುದು ಹೇಗೆ

ದಾವಣಗೆರೆಯಿಂದ ಅಮ್ಮ ಮೊದಲ ಸಲ ಲಾಸ್ ಏಂಜಲಿಸ್‌ಗೆ ಬಂದಾಗ ನಮ್ಮ ಊಟದ ಮೇಜಿನ ಸುತ್ತ ಇದ್ದ ಕುರ್ಚಿಗಳನ್ನು ಒಂದು ಸುತ್ತು ನೋಡಿ, "ಇದು ಬಸ್‌ಸ್ಟ್ಯಾಂಡ್ ಕುರ್ಚಿ ಅಲ್ವೇನೋ?" ಅಂದರು. ಬೆಲೆ ಹೇಳುವ ಧೈರ್ಯ ನನಗೆ ಬರಲಿಲ್ಲ. ಆದರೆ ಅಮ್ಮ ಹೇಳಿದ್ದು ತಪ್ಪೇನಲ್ಲ. ನಮ್ಮ ಬಸ್‌ಸ್ಟ್ಯಾಂಡು, ಆಸ್ಪತ್ರೆ ವರಾಂಡಗಳಲ್ಲಿ ಕಬ್ಬಿಣದ ಪಟ್ಟಿ ಮೇಲೆ ಸಾಲಾಗಿ ಕೂರಿಸಿರುವ ಬಕೆಟ್ ಕುರ್ಚಿ ಇದೆಯಲ್ಲ, ಅದರ ಮುತ್ತಾತನ ಮನೆ ಇದೇ ಕ್ಯಾಲಿಫೋರ್ನಿಯಾ.

ಮುತ್ತಾತನ ಹೆಸರು ಈಮ್ಸ್ ಶೆಲ್ ಕುರ್ಚಿ. ಚಾರ್ಲ್ಸ್ ಮತ್ತು ರೇ ಈಮ್ಸ್ ಅನ್ನೋ ಗಂಡ ಹೆಂಡತಿ ಮಾಡಿದ ವಿನ್ಯಾಸ, ಹರ್ಮನ್ ಮಿಲ್ಲರ್ ಕಂಪನಿ ಮಾರಿದ ಮಾಲು. ಈ ಹೆಸರು ಎಲ್ಲೋ ಕೇಳಿದ ಹಾಗಿದೆ ಅನ್ನಿಸಿದರೆ, ಹೌದು, 1958ರಲ್ಲಿ ಭಾರತ ಸರ್ಕಾರಕ್ಕೆ 'ಇಂಡಿಯಾ ರಿಪೋರ್ಟ್' ಬರೆದುಕೊಟ್ಟವರು ಇವರೇ, ಅದರ ಬೆನ್ನಿಗೇ 1961ರಲ್ಲಿ ಅಹಮದಾಬಾದಿನ ಎನ್‌ಐಡಿ (ರಾಷ್ಟ್ರೀಯ ವಿನ್ಯಾಸ ಸಂಸ್ಥೆ) ಶುರುವಾಯಿತು. ನಮ್ಮ ನೀರಿನ ಚೊಂಬನ್ನು ನೋಡಿ ಆ ವರದಿಯಲ್ಲಿ ಇವರು ಮನಸೋತು ಬರೆದಿದ್ದಾರೆ. ಅದು ಬೇರೆ ಕಥೆ, ಇನ್ನೊಂದು ಸಲ ಹೇಳ್ತೀನಿ.

ಇಲ್ಲಿ ಸಂತೆಯಲ್ಲಿ, ಮನೆ ಖಾಲಿ ಮಾಡುವವರ ಸೇಲ್‌ನಲ್ಲಿ, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ನಲ್ಲಿ, ಪ್ಲಾಸ್ಟಿಕ್ಕಿನ ಹಾಗೆ ಕಾಣುವ ಪ್ರತಿ ಹಳೇ ಕುರ್ಚಿಗೂ "ಈಮ್ಸ್, ಫಿಫ್ಟೀಸ್" ಅಂತ ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ ಕೆಲವು ನಿಜಕ್ಕೂ 1951ರದ್ದು. ಕೆಲವು 1975ರದ್ದು. ಕೆಲವು ಹೋದ ವರ್ಷದ್ದು. ನಾನು ಎಂಟು ವರ್ಷದಿಂದ ಇದರ ಹಿಂದೆ ಬಿದ್ದಿದ್ದೀನಿ, ಎರಡು ಸಲ ಚೆನ್ನಾಗಿ ಟೋಪಿ ಹಾಕಿಸಿಕೊಂಡಿದ್ದೀನಿ. ಅದಕ್ಕೇ ಈ ಬರಹ.

ಶುರುವಿಗೇ ಒಂದು ಮಾತು ತಲೆಯಲ್ಲಿಟ್ಟುಕೊಳ್ಳಿ. ಈ ಕುರ್ಚಿಗೆ ಒಂದೇ ವಯಸ್ಸು ಇರುವುದಿಲ್ಲ. ಮೇಲಿನ ಚಿಪ್ಪು (ಕೂರುವ ಜಾಗ, ಬೆನ್ನು ಎಲ್ಲ ಸೇರಿ ಒಂದೇ ತುಂಡು), ಅದರ ತಳಕ್ಕೆ ಅಂಟಿಸಿದ ನಾಲ್ಕು ರಬ್ಬರ್ ಬಿಲ್ಲೆ, ಕೆಳಗಿನ ಕಾಲು, ಕಾಲಿನ ತುದಿಯ ಗುಂಡಿ, ಇವು ನಾಲ್ಕೂ ಬಿಚ್ಚಿದರೆ ಬೇರೆ ಬೇರೆ. ಎಪ್ಪತ್ತು ವರ್ಷದಲ್ಲಿ ಯಾರೋ ಒಬ್ಬರು ಏನನ್ನೋ ಬದಲಾಯಿಸಿಯೇ ಇರುತ್ತಾರೆ. ಹಾಗಾಗಿ 'ಕುರ್ಚಿ ಯಾವ ಕಾಲದ್ದು' ಅಂತ ಕೇಳಬೇಡಿ. ಚಿಪ್ಪು ಯಾವ ಕಾಲದ್ದು, ಕಾಲು ಯಾವ ಕಾಲದ್ದು ಅಂತ ಬೇರೆ ಬೇರೆ ಕೇಳಿ.

ಜೇಬಲ್ಲಿ ಇರಬೇಕಾದ್ದು: ಒಂದು ಟಾರ್ಚು (ಮೊಬೈಲಿನದೇ ಸಾಕು), ಒಂದು ಒದ್ದೆ ಬಟ್ಟೆ, ಒಂದು ತೆಳು ವಿಸಿಟಿಂಗ್ ಕಾರ್ಡು, ಒಂದು ಅಳತೆ ಟೇಪು.

ಮೊದಲು: ಇದು ಫೈಬರ್‌ಗ್ಲಾಸೇ ತಾನೇ?

ಚಿಪ್ಪನ್ನು ಬೆಳಕಿಗೆ ಹಿಡಿಯಿರಿ. ಆಗದಿದ್ದರೆ ಬೆನ್ನಿನ ಹಿಂದೆ ಟಾರ್ಚು ಒತ್ತಿ ಮುಂದಿನಿಂದ ನೋಡಿ. ಹಳೇ ಫೈಬರ್‌ಗ್ಲಾಸ್ ಆದರೆ ಒಳಗೆ ಎಳೆಗಳು ಕಾಣಬೇಕು, ಒಂದರ ಮೇಲೊಂದು ಅಡ್ಡಾದಿಡ್ಡಿ ಬಿದ್ದಿರುವ ಸಣ್ಣ ಎಳೆಗಳು, ಒಣ ಶಾವಿಗೆಯನ್ನು ಮುರಿದು ತಟ್ಟೆಗೆ ಚೆಲ್ಲಿದ ಹಾಗೆ. ಗಾಜಿನ ನೂಲನ್ನು ತುಂಡು ತುಂಡು ಮಾಡಿ ಕುರ್ಚಿ ಆಕಾರದ ಜಾಲರಿ ಮೇಲೆ ಕೂರಿಸಿ, ಪಾಲಿಯೆಸ್ಟರ್ ರಾಳ ಸುರಿದು, ಗಂಡು ಹೆಣ್ಣು ಎರಡು ಲೋಹದ ಅಚ್ಚಿನ ನಡುವೆ ಹೈಡ್ರಾಲಿಕ್ ಪ್ರೆಸ್‌ನಲ್ಲಿ ಒತ್ತಿ ಮಾಡಿದ್ದು ಅದು. ಎಳೆ ಎಲ್ಲಿ ಹೇಗೆ ಬೀಳುತ್ತದೆ ಅನ್ನೋದು ಯಾರ ಕೈಯಲ್ಲೂ ಇಲ್ಲ, ಹಾಗಾಗಿ ಎರಡು ಚಿಪ್ಪು ಒಂದೇ ತರಹ ಇರುವುದಿಲ್ಲ.

ಎಳೆಯೇ ಇಲ್ಲ, ಮೈಯೆಲ್ಲ ಒಂದೇ ಸಮ, ಮುಟ್ಟಿದರೆ ಮೇಣದ ಹಾಗೆ ಮ್ಯಾಟ್ ಆಗಿದೆ, ಒತ್ತಿದರೆ ಸ್ವಲ್ಪ ಬಾಗುತ್ತದೆ ಅಂದರೆ ಅದು ಪಾಲಿಪ್ರೊಪಿಲೀನ್. ನಕಲೇ ಇರಬೇಕು ಅಂತಿಲ್ಲ. ಹರ್ಮನ್ ಮಿಲ್ಲರ್ 2001ರಲ್ಲಿ ಇದೇ ಕುರ್ಚಿಯನ್ನು ಪಾಲಿಪ್ರೊಪಿಲೀನ್‌ನಲ್ಲಿ ಮತ್ತೆ ತಂದಿತು, ಯುರೋಪಿನಲ್ಲಿ ವಿಟ್ರಾ ಅನ್ನೋ ಕಂಪನಿ ಕೂಡ ಆ ಹೊತ್ತಿಗೇ ತಂದಿತ್ತು. ಅಸಲಿ, ಆದರೆ ಹಳೆಯದಲ್ಲ. ಕೆಳಗೆ ಮೂರು ಬಾಣದ ರೀಸೈಕ್ಲಿಂಗ್ ಗುರುತು ಅಚ್ಚಾಗಿದ್ದರೆ 50ರ ದಶಕದ ಮಾತು ಅಲ್ಲಿಗೇ ಮುಗಿಯಿತು, ಮುಂದಿನ ಅಂಗಡಿಗೆ ನಡೆಯಿರಿ.

ಎಳೆ ಕಂಡರೂ ಕುಣಿಯಬೇಡಿ. ಯಾಕೆ ಅಂತ ಕೆಳಗೆ ಬರುತ್ತದೆ.

ಎರಡನೆಯದು: ಬೋರಲು ಹಾಕಿ

ಮಾರುವವರಿಗೆ ಒಂದು ಮಾತು ಕೇಳಿ, ನೆಲದ ಮೇಲೆ ಒಂದು ಬಟ್ಟೆ ಹಾಸಿ, ಕುರ್ಚಿಯನ್ನು ಬೋರಲು ಹಾಕಿ. "ಅಯ್ಯೋ ಯಾಕೆ?" ಅನ್ನೋ ಮುಖ ಮಾಡಿದರೆ ಅದೂ ಒಂದು ಸೂಚನೆಯೇ. ಮೇಲ್ಭಾಗ ಹೇಳುವುದು ಕಡಿಮೆ, ಅದನ್ನು ತೊಳೆದು ಉಜ್ಜಿ ಎಣ್ಣೆ ಹಚ್ಚಿ ಹೊಳೆಯುವ ಹಾಗೆ ಮಾಡಿರುತ್ತಾರೆ. ತಳಕ್ಕೆ ಅಷ್ಟು ಉಪಚಾರ ಯಾರೂ ಮಾಡುವುದಿಲ್ಲ.

ಒದ್ದೆ ಬಟ್ಟೆಯಲ್ಲಿ ಧೂಳು ಒರೆಸಿ ಗುರುತು ಹುಡುಕಿ. ಕಾಲದ ಪ್ರಕಾರ ಹೇಳುತ್ತೀನಿ.

1948ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಕಡಿಮೆ ಬೆಲೆಯ ಪೀಠೋಪಕರಣಕ್ಕೆ ಒಂದು ಸ್ಪರ್ಧೆ ಇಟ್ಟಿತು. ಈಮ್ಸ್ ತಂಡ ಕಳಿಸಿದ್ದು ಲೋಹದ ತಗಡನ್ನು ಒತ್ತಿ ಮಾಡಿದ ಚಿಪ್ಪು. ಎರಡನೇ ಬಹುಮಾನದಲ್ಲಿ ಪಾಲೂ ಬಂತು, ಆದರೆ ತಗಡಿನ ಕೆಲಸ ದುಬಾರಿ ಬಿತ್ತು. ಆಗ ಕಣ್ಣಿಗೆ ಬಿದ್ದಿದ್ದು ಗಾರ್ಡಿನಾ ಊರಿನ ಝೆನಿತ್ ಪ್ಲಾಸ್ಟಿಕ್ಸ್. ಯುದ್ಧದ ಕಾಲದಲ್ಲಿ ವಿಮಾನದ ರೇಡಾರಿಗೆ ಫೈಬರ್‌ಗ್ಲಾಸ್ ಮುಚ್ಚಳ ಮಾಡುತ್ತಿದ್ದವರು. 1950ರಲ್ಲಿ ಅಲ್ಲಿಂದಲೇ ಮೊದಲ ಕೈ ಇರುವ ಚಿಪ್ಪುಗಳು ಬಂದವು. ಆ ಮೊದಲ ಕೆಲವು ವರ್ಷದ ಮಾಲಿಗೆ ತಳದಲ್ಲಿ ಕಾಗದದ ಲೇಬಲ್ ಇರುತ್ತಿತ್ತು, ಚದುರಂಗದ ಹಾಸಿನ ಹಾಗೆ ಚೌಕಳಿ ಇರುವುದು, ಝೆನಿತ್ ಹೆಸರಿನ ಜೊತೆ. ಈ ಚೌಕಳಿ ಲೇಬಲ್ ಕಂಡರೆ ಮುಖದ ಮೇಲೆ ಏನೂ ತೋರಿಸಿಕೊಳ್ಳದೆ ಬೆಲೆ ಕೇಳಿ.

ಕಾಗದ ತಾನೇ, ಬಹುಪಾಲು ಹರಿದು ಹೋಗಿರುತ್ತದೆ. ಲೇಬಲ್ ಇಲ್ಲ ಅಂದ ಮಾತ್ರಕ್ಕೆ ನಕಲಿ ಅಲ್ಲ. ಅದು ಇದ್ದ ಜಾಗ ಹುಡುಕಿ. ಟಾರ್ಚನ್ನು ನೇರ ಹಿಡಿಯದೆ ಪಕ್ಕದಿಂದ ಮಲಗಿಸಿ ಹಿಡಿದರೆ, ಗೋಡೆ ಮೇಲಿನ ಹಳೇ ಕ್ಯಾಲೆಂಡರ್ ತೆಗೆದಾಗ ಕಾಣುತ್ತದಲ್ಲ, ಆ ತರಹದ ಒಂದು ಚೌಕ ಕಾಣಬಹುದು.

ಆಮೇಲಿನ ಲೇಬಲ್‌ಗಳಲ್ಲಿ ಊರಿನ ಹೆಸರು ಓದಿ. ಕ್ಯಾಲಿಫೋರ್ನಿಯಾದ ವೆನಿಸ್ ಅಂತ ಇರಬಹುದು, ಮಿಷಿಗನ್‌ನ ಝೀಲ್ಯಾಂಡ್ ಅಂತ ಇರಬಹುದು. ಝೀಲ್ಯಾಂಡ್ ಹರ್ಮನ್ ಮಿಲ್ಲರ್‌ನ ತವರು. ಊರಿಗಿಂತ ನನಗೆ ಜಾಸ್ತಿ ಉಪಯೋಗಕ್ಕೆ ಬಂದಿರುವುದು ಇನ್ನೆರಡು ಸಣ್ಣ ವಿಷಯ. ಒಂದು, ಕಂಪನಿಯ ಹೆಸರು. 1960ರವರೆಗೆ ಅದು 'ಹರ್ಮನ್ ಮಿಲ್ಲರ್ ಫರ್ನಿಚರ್ ಕಂಪನಿ', ಆಮೇಲೆ 'ಹರ್ಮನ್ ಮಿಲ್ಲರ್ ಇಂಕ್'. ಎರಡು, ವಿಳಾಸದ ಕೊನೆಯಲ್ಲಿ ಐದು ಅಂಕಿಯ ಜಿಪ್ ಕೋಡ್. ಅಮೆರಿಕದ ಅಂಚೆಯವರು ಜಿಪ್ ಕೋಡ್ ಶುರುಮಾಡಿದ್ದು 1963ರ ಜುಲೈ 1ಕ್ಕೆ. ಝೀಲ್ಯಾಂಡ್ ಪಕ್ಕ 49464 ಅಂತ ಇದ್ದರೆ ಆ ಲೇಬಲ್ ಅದಕ್ಕಿಂತ ಹಳೆಯದಾಗಲು ಸಾಧ್ಯವೇ ಇಲ್ಲ, ಮಾರುವವರು ಅವರ ತಾತನ ಮೇಲೆ ಆಣೆ ಇಟ್ಟರೂ. ಈ ಜಿಪ್ ಕೋಡ್ ಉಪಾಯ ಯಾವ ಅಮೆರಿಕನ್ ಹಳೇ ಸಾಮಾನಿಗೂ ನಡೆಯುತ್ತದೆ, ಗಡಿಯಾರಕ್ಕೂ, ಟೈಪ್‌ರೈಟರ್‌ಗೂ.

ಇನ್ನೂ ಮುಂದಕ್ಕೆ ಬಂದರೆ ಕಾಗದದ ಬದಲು ಅಚ್ಚಿನಲ್ಲೇ ಮೂಡಿಸಿದ ಉಬ್ಬು ಗುರುತು. ಹರ್ಮನ್ ಮಿಲ್ಲರ್‌ನ ಬಾಗಿದ ದೊಡ್ಡ 'ಎಂ' ಅಕ್ಷರ, ಕಂಪನಿ ಹೆಸರು, ಕೆಲವದರಲ್ಲಿ ಪೇಟೆಂಟ್ ಸಾಲು. ಬೆರಳು ಆಡಿಸಿದರೆ ತಿಳಿಯುತ್ತದೆ. ಒಂದು ಎಚ್ಚರಿಕೆ: ಈ 'ಎಂ' ಲಾಂಛನ 1940ರ ದಶಕದಿಂದಲೇ ಇದೆ. ಅದೊಂದನ್ನೇ ತೋರಿಸಿ "ಫಾರ್ಟೀಸ್ ಲೋಗೋ" ಅಂತ ವಯಸ್ಸು ಹೇಳುವವರಿದ್ದಾರೆ. ಲಾಂಛನದ ವಯಸ್ಸು ಕುರ್ಚಿಯ ವಯಸ್ಸಲ್ಲ. ಚಿಪ್ಪಿನಲ್ಲೇ ಉಬ್ಬು ಗುರುತಿದ್ದರೆ ಅದು ಝೆನಿತ್ ಕಾಲದ್ದಲ್ಲ, ನಂತರದ್ದು ಅಂತ ತಿಳಿಯಿರಿ. ಕಾರ್ಖಾನೆ ಬದಲಾದ ಮೇಲೆ ಬೇರೆ ಬೇರೆ ಪ್ಲಾಸ್ಟಿಕ್ ಕಂಪನಿಗಳು ಚಿಪ್ಪು ಒತ್ತಿಕೊಟ್ಟಿವೆ, ಅವರ ಸಣ್ಣ ಗುರುತೂ ಪಕ್ಕದಲ್ಲಿ ಇರಬಹುದು.

ಯುರೋಪಿನಿಂದ ಬಂದ ಕುರ್ಚಿಯಾದರೆ ವಿಟ್ರಾ ಹೆಸರು ಇರಬಹುದು. ಅವರು ಅಲ್ಲಿ ಹರ್ಮನ್ ಮಿಲ್ಲರ್ ಮಾಲು ಮಾಡಲು ಶುರುಮಾಡಿದ್ದು 1957ರಲ್ಲಿ. ಅದಕ್ಕಿಂತ ಹಿಂದಿನ ವಿಟ್ರಾ ಈಮ್ಸ್ ಕುರ್ಚಿ ಅಂತ ಯಾರಾದರೂ ಹೇಳಿದರೆ ನಕ್ಕು ಸುಮ್ನಿರಿ.

ಮೂರನೆಯದು: ಅಂಚಿನ ಮೇಲೆ ಬೆರಳು

ಇದು ನನಗೆ ಅತಿ ಇಷ್ಟದ ಪರೀಕ್ಷೆ, ಕಣ್ಣು ಮುಚ್ಚಿಕೊಂಡೇ ಮಾಡಬಹುದು.

ಝೆನಿತ್‌ನ ಮೊದಮೊದಲ ಕೈ ಕುರ್ಚಿಗಳಲ್ಲಿ ಅಂಚು ಗಟ್ಟಿ ಇರಲಿ ಅಂತ ಸುತ್ತಲೂ ಒಂದು ಹುರಿ ಸೇರಿಸಿ ಒತ್ತುತ್ತಿದ್ದರು. ನಿಜವಾದ ಹಗ್ಗ. ಇಲ್ಲಿನವರು ಇದನ್ನು 'ರೋಪ್ ಎಡ್ಜ್' ಅಂತಾರೆ. ಅಂಚಿನ ಕೆಳಗೆ ಹೆಬ್ಬೆರಳು, ಮೇಲೆ ತೋರುಬೆರಳು ಇಟ್ಟು ಜಾರಿಸಿಕೊಂಡು ಹೋದರೆ, ಸೀರೆಯ ಅಂಚು ಮಡಿಸಿ ಹೊಲಿದ ಜಾಗದ ಹಾಗೆ ಅಂಚಿನ ಉದ್ದಕ್ಕೂ ದಪ್ಪ ಸಿಗುತ್ತದೆ. ಬೆಳಕಿಗೆ ಹಿಡಿದರೆ ಅಲ್ಲಲ್ಲಿ ಹುರಿಯ ತಿರುಚೂ ಕಾಣುತ್ತದೆ. ಕೆಲವೇ ವರ್ಷದಲ್ಲಿ ಇದು ಬೇಡ ಅಂತ ಬಿಟ್ಟರು. ಆದ್ದರಿಂದ ಹುರಿ ಅಂಚು ಸಿಕ್ಕಿತೋ, 1950ರ ದಶಕದ ಮೊದಲ ಭಾಗ ಅಂತ ಧೈರ್ಯವಾಗಿ ಹೇಳಬಹುದು. ಕೈ ಇಲ್ಲದ ಸೈಡ್ ಕುರ್ಚಿಯಲ್ಲಿ ಇದನ್ನು ಹುಡುಕಬೇಡಿ.

ನನಗೆ ಇಂಥದ್ದು ಒಂದೇ ಒಂದು ಸಿಕ್ಕಿದೆ. ಟೊರೆನ್ಸ್ ಕಡೆ ಒಂದು ಮನೆ ಖಾಲಿ ಮಾಡುತ್ತಿದ್ದರು, ಗ್ಯಾರೇಜಿನ ಮೂಲೆಯಲ್ಲಿ ಪೇಂಟ್ ಡಬ್ಬಗಳ ಸ್ಟ್ಯಾಂಡ್ ಆಗಿ ಒಂದು ಕುರ್ಚಿ ನಿಂತಿತ್ತು. ಮೇಲೆಲ್ಲ ಬಿಳಿ ಪೇಂಟಿನ ಚುಕ್ಕೆ, ಬಣ್ಣ ಯಾವುದು ಅಂತಲೂ ಗೊತ್ತಾಗದಷ್ಟು ಕೊಳೆ. ಡಬ್ಬ ಎತ್ತುವ ನೆಪದಲ್ಲಿ ಅಂಚಿಗೆ ಕೈ ಹಾಕಿದೆ. ಹುರಿ ಸಿಕ್ಕಿತು. ಎದೆ ಡವಡವ. ಮೂವತ್ತು ಡಾಲರ್ ಕೊಟ್ಟು, ಡಬ್ಬಗಳನ್ನು ಅವರಿಗೇ ಬಿಟ್ಟು, ಕಾರಿಗೆ ಹಾಕಿಕೊಂಡು ಬಂದೆ. ಮನೆಯಲ್ಲಿ ಸೋಪು ನೀರಲ್ಲಿ ತೊಳೆದಾಗ ಒಳಗಿಂದ ತಿಳಿ ಪಾಚಿ ಹಸಿರು ಬಂತು. ಸೀ ಫೋಮ್ ಗ್ರೀನ್.

ಹುರಿ ಇಲ್ಲದ ಅಂಚನ್ನೂ ನೋಡಬೇಕು. ಹಳೇ ಚಿಪ್ಪನ್ನು ಅಚ್ಚಿನಿಂದ ತೆಗೆದ ಮೇಲೆ ಅಂಚು ಕತ್ತರಿಸಿ ಉಜ್ಜುತ್ತಿದ್ದರು. ಹಾಗಾಗಿ ಅಂಚಿನಲ್ಲಿ ಎಳೆಯ ತುದಿಗಳು ಕಾಣಬೇಕು, ಅಗಲ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಅಚ್ಚಿನಿಂದ ಬಂದ ಹಾಗೇ ಗುಂಡಗೆ ನಯವಾದ ಅಂಚಿದ್ದರೆ ಅದು ಹೊಸ ಪ್ಲಾಸ್ಟಿಕ್ ಆಗಿರುವ ಸಂಭವ ಜಾಸ್ತಿ.

ನಾಲ್ಕನೆಯದು: ರಬ್ಬರ್ ಬಿಲ್ಲೆಗಳು

ಚಿಪ್ಪಿಗೆ ತೂತು ಕೊರೆಯದೆ ಕಾಲು ಕೂರಿಸಬೇಕಿತ್ತು. ಅದಕ್ಕೆ ತಳದಲ್ಲಿ ನಾಲ್ಕು ರಬ್ಬರ್ ಬಿಲ್ಲೆ ಅಂಟಿಸಿ, ಬಿಲ್ಲೆಯೊಳಗಿನ ಲೋಹದ ತಿರುಪಿಗೆ ಕಾಲನ್ನು ಸ್ಕ್ರೂ ಮಾಡಿದರು. ಕೂತಾಗ ರಬ್ಬರ್ ಸ್ವಲ್ಪ ಅಲುಗಿ ಬೆನ್ನಿಗೆ ಹಿತ ಕೊಡುತ್ತದೆ. ಜಾಣ ಕೆಲಸ. ಆದರೆ ಇಡೀ ಕುರ್ಚಿಯ ಹಣೆಬರಹ ನಿಂತಿರುವುದು ಒಂದಿಷ್ಟು ಅಂಟಿನ ಮೇಲೆ.

ಮೊದಲ ಝೆನಿತ್ ಕುರ್ಚಿಗಳಲ್ಲಿ ಬಿಲ್ಲೆ ದೊಡ್ಡವು. ಆಮೇಲೆ ಚಿಕ್ಕವಾದವು. ಈಗಿನ ಬಿಲ್ಲೆ ಚಿಕ್ಕದಿದ್ದರೂ ಅದರ ಸುತ್ತ ಇನ್ನೊಂದು ದೊಡ್ಡ ವೃತ್ತದ ಹಳೇ ಅಂಟಿನ ಗೆರೆ ಇದ್ದರೆ ಅಲ್ಲೊಂದು ಕಥೆ ಇದೆ. ಚಿಪ್ಪು ಹಳೆಯದು, ಬಿಲ್ಲೆ ಬದಲಾಯಿಸಿದ್ದಾರೆ. ಹಾಗೆಯೇ ಬಿಲ್ಲೆಗಳು ಕೂತಿರುವ ಅಂತರ. ನಾಲ್ಕು ಬಿಲ್ಲೆಗಳ ನಡುಮಧ್ಯದ ಅಂತರವನ್ನು ಟೇಪಿನಲ್ಲಿ ಅಳೆದು ಬರೆದಿಟ್ಟುಕೊಳ್ಳಿ. ಅಗಲದ್ದು, ಕಿರಿದಾದದ್ದು ಅಂತ ಎರಡು ತರಹ ಇವೆ, ಒಂದರ ಕಾಲು ಇನ್ನೊಂದಕ್ಕೆ ಕೂರುವುದಿಲ್ಲ. ಮುಂದೆ ಕಾಲು ಬದಲಿಸುವ ಯೋಚನೆ ಇದ್ದರೆ ಈ ಅಳತೆ ಇಲ್ಲದೆ ಆರ್ಡರ್ ಮಾಡಬೇಡಿ.

ಹಳೇ ರಬ್ಬರ್ ಒಣಗಿ ಕಲ್ಲಾಗಿರುತ್ತದೆ, ಬಣ್ಣ ಮಂಕು, ಉಗುರು ಇಳಿಯುವುದಿಲ್ಲ. ಹೊಸದು ಕಪ್ಪಗೆ ಮೆತ್ತಗಿರುತ್ತದೆ, ಸುತ್ತ ಎಪಾಕ್ಸಿ ಅಂಟು ಉಕ್ಕಿ ಬಂದು ಗಟ್ಟಿಯಾಗಿರುತ್ತದೆ, ಚಿಪ್ಪನ್ನು ಉಜ್ಜಿದ ಬಿಳಿ ಉಂಗುರ ಇರುತ್ತದೆ. ಬದಲಾಯಿಸಿದ್ದು ತಪ್ಪಲ್ಲ, ಹೇಳದೆ ಮುಚ್ಚಿಟ್ಟಿದ್ದು ತಪ್ಪು.

ಈಗ ವಿಸಿಟಿಂಗ್ ಕಾರ್ಡು. ಬಿಲ್ಲೆ ಮತ್ತು ಚಿಪ್ಪಿನ ನಡುವೆ ಕಾರ್ಡಿನ ಮೂಲೆ ತೂರಿಸಿ ನೋಡಿ, ನಾಲ್ಕಕ್ಕೂ, ಸುತ್ತಲೂ. ಒಳಗೆ ಹೋದರೆ ಅಂಟು ಬಿಟ್ಟಿದೆ. ನಾನು ಇದನ್ನು ಕಲಿತಿದ್ದು ಒಂದು ಯುಗಾದಿಯ ದಿನ. ಹಿಂದಿನ ವಾರ ತಂದಿದ್ದ ಹಳದಿ ಕುರ್ಚಿ, "ಪೂರ್ತಿ ಚೆಕ್ ಮಾಡಿದ್ದೀವಿ" ಅಂತ ಮಾರಿದವರು ಹೇಳಿದ್ದರು. ಊಟಕ್ಕೆ ಬಂದಿದ್ದ ನಮ್ಮ ಭಾವ ಹೋಳಿಗೆಗೆ ತುಪ್ಪ ಹಾಕಿಸಿಕೊಂಡು ಹಿಂದಕ್ಕೆ ಒರಗಿದರು, ಟಪ್ ಅಂತ ಒಂದು ಸದ್ದು. ಹಿಂದಿನ ಎರಡು ಬಿಲ್ಲೆ ಕಿತ್ತು ಬಂದಿತ್ತು. ಭಾವ ನೆಲದ ಮೇಲೆ, ಹೋಳಿಗೆ ಅವರ ಅಂಗಿ ಮೇಲೆ. ಪುಣ್ಯಕ್ಕೆ ಪೆಟ್ಟಾಗಲಿಲ್ಲ. ಇವತ್ತಿಗೂ ನಮ್ಮನೆಗೆ ಬಂದರೆ ಸೋಫಾದಲ್ಲೇ ಕೂರುತ್ತಾರೆ.

ಐದನೆಯದು: ಕಾಲು

ಇಲ್ಲಿ ಹೆಸರುಗಳ ಕಾಟ ಶುರು. ಡಿಎಎಕ್ಸ್, ಡಿಎಸ್‌ಆರ್ ಅಂತೆಲ್ಲ ಕೇಳಿ ಗಾಬರಿಯಾಗಬೇಡಿ, ಮೂರು ಅಕ್ಷರದ ಲೆಕ್ಕ ಅಷ್ಟೇ. ಮೊದಲ 'ಡಿ' ಅಂದರೆ ಊಟದ ಎತ್ತರದ್ದು. ನಡುವಿನ 'ಎ' ಕೈ ಇರುವುದು, 'ಎಸ್' ಕೈ ಇಲ್ಲದ್ದು. ಕೊನೆಯದು ಕಾಲಿನ ಜಾತಿ: 'ಎಕ್ಸ್' ಅಂದರೆ ಎಕ್ಸ್ ಆಕಾರಕ್ಕೆ ಸೇರುವ ಲೋಹದ ಕಾಲು, 'ಆರ್' ಅಂದರೆ ಸರಳಿನ ಹೆಣಿಗೆ (ಐಫೆಲ್ ಗೋಪುರದ ಹಾಗೆ ಕಾಣುವುದು), 'ಡಬ್ಲ್ಯೂ' ಅಂದರೆ ಮರದ ಕಾಲು. ಆರ್‌ಎಆರ್ ಅಂದರೆ ತೂಗುವ ಕುರ್ಚಿ. ಡಿಎಸ್‌ಎಸ್ ಅಂದರೆ ಒಂದರ ಮೇಲೊಂದು ಪೇರಿಸುವುದು, 1955ರ ಹೊತ್ತಿಗೆ ಬಂದದ್ದು. ಶಾಲೆ, ಸಭಾಂಗಣಗಳಿಗೆ ರಾಶಿ ರಾಶಿ ಹೋದವು ಇವೇ. ಪಕ್ಕದ ಕುರ್ಚಿಗೆ ಕೊಂಡಿ ಹಾಕಲು ಕಾಲಿನ ಪಕ್ಕದಲ್ಲಿ ಕೊಕ್ಕೆ ಇರುತ್ತದೆ.

ಈ ಪೇರಿಸುವ ಕುರ್ಚಿಗಳ ಚಿಪ್ಪನ್ನೇ ಬಿಚ್ಚಿ, ಹೊಸ ಐಫೆಲ್ ಕಾಲೋ ಮರದ ಕಾಲೋ ಹಾಕಿ, ಮೂರು ಪಟ್ಟು ಬೆಲೆಗೆ ಮಾರುವುದು ಇಲ್ಲಿನ ದೊಡ್ಡ ದಂಧೆ. ಹಿಡಿಯುವುದು ಸುಲಭ. ಪೇರಿಸಿ ಇಟ್ಟಿದ್ದ ಚಿಪ್ಪಿನ ಮೇಲೆ ಕೆಳಗೆ ಉಜ್ಜಿದ ಗೀರುಗಳಿರುತ್ತವೆ, ಒಂದೇ ಜಾಗದಲ್ಲಿ, ಒಂದೇ ದಿಕ್ಕಿಗೆ. ಕೂತು ಎದ್ದು ಸವೆದ ಗೀರು ಹಾಗಿರುವುದಿಲ್ಲ. 1970ರ ಉಬ್ಬು ಗುರುತಿನ ಚಿಪ್ಪಿನ ಕೆಳಗೆ ಮಚ್ಚೆಯಿಲ್ಲದ ಮರದ ಕಾಲಿದ್ದರೆ ಅದನ್ನು ಇಲ್ಲಿ 'ಮದುವೆ ಮಾಡಿಸಿದ ಕುರ್ಚಿ' ಅಂತಾರೆ. ಹುಡುಗ ಒಂದೂರು, ಹುಡುಗಿ ಒಂದೂರು. ಕೂರಲು ಅಡ್ಡಿಯಿಲ್ಲ, 50ರ ದಶಕದ ಮರದ ಕಾಲಿನ ಬೆಲೆ ಕೊಡಬೇಡಿ ಅಷ್ಟೇ. ನಾನು ಟೋಪಿ ಹಾಕಿಸಿಕೊಂಡ ಎರಡನೇ ಸಲ ಇದೇ ಆಗಿತ್ತು, ನಾನೂರು ಡಾಲರ್ ಎಣಿಸಿ ಕೊಟ್ಟು, ಮನೆಗೆ ಬಂದು ಸ್ಕ್ರೂ ಬಿಚ್ಚಿದರೆ ಸ್ಕ್ರೂಗಳು ಥಳಥಳ.

ಸ್ಕ್ರೂ ನೋಡಿ. ತಲೆ ಸವೆದಿದೆಯಾ, ನಾಲ್ಕೂ ಒಂದೇ ಜಾತಿಯವಾ, ಕಾಲಿನ ತುಕ್ಕಿಗೂ ಸ್ಕ್ರೂ ತುಕ್ಕಿಗೂ ಹೊಂದುತ್ತದಾ? ಹಳೇ ಸರಳಿನ ಕಾಲಿಗೆ ಬೆಸುಗೆ ಹಾಕಿದ ಗಂಟುಗಳಲ್ಲಿ ಧೂಳು ಮತ್ತು ತುಕ್ಕು ಸೇರಿ ಕಂದಾಗಿರುತ್ತದೆ. ಕನ್ನಡಿಯ ಹಾಗೆ ಮಿನುಗುವ ಐಫೆಲ್ ಕಾಲು ಕಂಡರೆ ನಾನು ಮೊದಲು ಅನುಮಾನಪಡುತ್ತೀನಿ, ಆಮೇಲೆ ಮಾತಾಡುತ್ತೀನಿ.

ತೂಗುವ ಕುರ್ಚಿಯ ಬಗ್ಗೆ ಒಂದು ಸಣ್ಣ ಮಾತು, ನನಗೆ ಖುಷಿ ಕೊಡುವ ವಿಷಯ ಅದು. 1968ರಲ್ಲಿ ಅದನ್ನು ಕ್ಯಾಟಲಾಗಿನಿಂದ ತೆಗೆದರು. ಆದರೂ 1984ರವರೆಗೆ ಕಂಪನಿಯ ನೌಕರರ ಮನೆಯಲ್ಲಿ ಮಗು ಹುಟ್ಟಿದರೆ ಒಂದು ತೂಗುಕುರ್ಚಿ ಉಡುಗೊರೆ ಹೋಗುತ್ತಿತ್ತು. ಬಾಣಂತಿಗೆ ನಮ್ಮ ಕಡೆ ಅಂಟಿನುಂಡೆ ಕಳಿಸುವ ಹಾಗೆ. ಹಾಗಾಗಿ 1970ರ ದಶಕದ ಗುರುತಿರುವ ಅಸಲಿ ತೂಗುಕುರ್ಚಿ ಮಿಷಿಗನ್ ಕಡೆ ಸಿಕ್ಕರೆ ಆಶ್ಚರ್ಯವಿಲ್ಲ. ಬೇರೆ ಕಡೆ ಸಿಕ್ಕರೆ ಕಾಲು ಹೊಸದಾ ಅಂತ ಎರಡು ಸಲ ನೋಡಿ.

ಆರನೆಯದು: ಬಣ್ಣ

ಬಣ್ಣ ಸಾಕ್ಷಿ ಹೇಳುತ್ತದೆ, ತೀರ್ಪು ಕೊಡುವುದಿಲ್ಲ. 1950ರಲ್ಲಿ ಬಂದ ಮೊದಲ ಮೂರು ಬಣ್ಣ ಗ್ರೇಜ್, ಎಲಿಫೆಂಟ್ ಹೈಡ್ ಗ್ರೇ, ಪಾರ್ಚ್‌ಮೆಂಟ್. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಬೂದಿ ಮಿಶ್ರಿತ ಮಣ್ಣು, ಆನೆ ಚರ್ಮ, ಹಳೇ ಓಲೆಗರಿ. ಸ್ವಲ್ಪ ದಿನದಲ್ಲೇ ನಿಂಬೆ ಹಳದಿ, ಸೀ ಫೋಮ್ ಹಸಿರು, ಕೆಂಪು ಸೇರಿದವು. ಆಮೇಲೆ ಬಂದ ಬಣ್ಣಗಳು ಲೆಕ್ಕ ಇಡಲಾಗದಷ್ಟು. ಮೊದಲ ಬಣ್ಣಗಳೂ ಮುಂದೆ ಎಷ್ಟೋ ವರ್ಷ ಮುಂದುವರೆದವು, ಹಾಗಾಗಿ ಓಲೆಗರಿ ಬಣ್ಣ ಅಂದ ತಕ್ಷಣ 1950 ಅಲ್ಲ.

ಬಣ್ಣಕ್ಕಿಂತ ಅದು ಎಷ್ಟು ಬೆಳಕು ಬಿಡುತ್ತದೆ ಅಂತ ನೋಡುವುದು ವಾಸಿ. ಝೆನಿತ್ ಕಾಲದ ಚಿಪ್ಪಿನಲ್ಲಿ ಎಳೆ ಎದ್ದು ಕಾಣುತ್ತದೆ, ಮೈ ಒಳಗಿನಿಂದ ಬೆಳಗುತ್ತದೆ, ದೀಪದ ಮುಂದೆ ಹಿಡಿದ ಅಂಗೈ ಹಾಗೆ. ಆಮೇಲಿನ ಚಿಪ್ಪುಗಳು ಸಾಮಾನ್ಯವಾಗಿ ಹೆಚ್ಚು ಮಂದ, ಎಳೆ ಬಣ್ಣದೊಳಗೆ ಮುಳುಗಿರುತ್ತದೆ. ಎರಡನ್ನೂ ಒಮ್ಮೆ ಪಕ್ಕಪಕ್ಕ ನೋಡಿದರೆ ಮತ್ತೆ ಯಾರೂ ಹೇಳಿಕೊಡಬೇಕಿಲ್ಲ. ಪ್ಯಾಸಡೀನಾದ ರೋಸ್ ಬೌಲ್ ಸ್ಟೇಡಿಯಂ ಹತ್ತಿರ ತಿಂಗಳ ಎರಡನೇ ಭಾನುವಾರ ಸಂತೆ ನಡೆಯುತ್ತದೆ, ಬೆಳಗಿನ ಓರೆ ಬಿಸಿಲಿನಲ್ಲಿ ಕುರ್ಚಿ ಸಾಲು ನೋಡುತ್ತಾ ನಡೆದರೆ ಸಾಕು, ಯಾವುದರಲ್ಲಿ ಬೆಳಕು ಹಾಯುತ್ತದೆ ಅಂತ ದೂರದಿಂದಲೇ ತಿಳಿಯುತ್ತದೆ. ಏನೂ ಕೊಳ್ಳದೆ ಕಣ್ಣು ಪಳಗಿಸಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಬಿಸಿಲಿಗೆ ಬಣ್ಣ ಹೋಗುತ್ತದೆ. ನಿಜವಾದ ಬಣ್ಣ ತಿಳಿಯಬೇಕಾದರೆ ಕಾಲಿನ ಪಟ್ಟಿ ಮುಚ್ಚಿದ್ದ ಜಾಗ ನೋಡಿ. ಒರಟಾಗಿ, ಬಿಳಿಚಿಕೊಂಡು, ಮುಟ್ಟಿದರೆ ಕೈ ತುರಿಸುವ ಹಾಗಿದ್ದರೆ ಮೇಲಿನ ರಾಳ ಸವೆದು ಗಾಜಿನ ಎಳೆ ಹೊರಬಂದಿದೆ. ಅದನ್ನು ಒಣ ಮರಳು ಕಾಗದದಲ್ಲಿ ಉಜ್ಜಲು ಹೋಗಬೇಡಿ. ಗಾಜಿನ ಧೂಳು ಶ್ವಾಸಕೋಶಕ್ಕೆ ಹೋಗುವ ವಿಷಯ, ಹುಡುಗಾಟವಲ್ಲ. ಮಾಡಲೇಬೇಕಾದರೆ ಹೊರಗೆ, ಒದ್ದೆ ಮಾಡಿಕೊಂಡು, ಸರಿಯಾದ ಮಾಸ್ಕ್ ಹಾಕಿಕೊಂಡು.

ಎಳೆ ಇದ್ದರೂ ಹೊಸದಾಗಿರಬಹುದು

ಮೇಲೆ ಕುಣಿಯಬೇಡಿ ಅಂದಿದ್ದು ಇದಕ್ಕೆ. ಹರ್ಮನ್ ಮಿಲ್ಲರ್ 1980ರ ದಶಕದ ಕೊನೆಗೆ ಫೈಬರ್‌ಗ್ಲಾಸ್ ಚಿಪ್ಪು ನಿಲ್ಲಿಸಿತು, ತಯಾರಿಕೆಯ ರಾಸಾಯನಿಕಗಳು ಪರಿಸರಕ್ಕೆ ಒಳ್ಳೆಯದಲ್ಲ ಅಂತ. ಆದರೆ 2000ದ ಹೊತ್ತಿಗೆ ಲಾಸ್ ಏಂಜಲಿಸ್‌ನ ಮಾಡರ್ನಿಕಾ ಅನ್ನೋ ಕಂಪನಿ ಹಳೇ ಪ್ರೆಸ್‌ಗಳನ್ನು ತಂದು, ಹಳೇ ಕೆಲಸ ಗೊತ್ತಿದ್ದವರನ್ನು ಹಿಡಿದು, 'ಕೇಸ್ ಸ್ಟಡಿ' ಹೆಸರಲ್ಲಿ ಅದೇ ಆಕಾರದ ಫೈಬರ್‌ಗ್ಲಾಸ್ ಚಿಪ್ಪು ಮಾಡಲು ಶುರುಮಾಡಿತು. 2013ರಲ್ಲಿ ಹರ್ಮನ್ ಮಿಲ್ಲರ್ ಕೂಡ ಹೊಸ ವಿಧಾನದಲ್ಲಿ ಫೈಬರ್‌ಗ್ಲಾಸ್ ವಾಪಸ್ ತಂದಿತು. ಎರಡರಲ್ಲೂ ಎಳೆ ಕಾಣುತ್ತದೆ. ಅಲ್ಲಿಗೆ ಎಳೆ ಪರೀಕ್ಷೆ ಒಂದೇ ಸಾಲದು. ಗುರುತು ಓದಲೇಬೇಕು. ಗುರುತನ್ನು ಯಾರಾದರೂ ಉಜ್ಜಿ ತೆಗೆದಿದ್ದರೆ, ತಳದಲ್ಲಿ ಒಂದು ಕಡೆ ಮಾತ್ರ ನುಣ್ಣಗಿರುವ ಮಚ್ಚೆ ಕಂಡರೆ, ಬೇರೆ ಮಾತಿಲ್ಲದೆ ಕೆಳಗಿಟ್ಟು ಬನ್ನಿ.

ಇನ್ನು ಈಮ್ಸ್ ಅಲ್ಲದ ಹಳೇ ಚಿಪ್ಪುಗಳೂ ಬೇಕಾದಷ್ಟಿವೆ. ಅಮೆರಿಕದಲ್ಲಿ ಕ್ರೂಗರ್ ಅನ್ನೋ ಕಂಪನಿ ಲಾಂಡ್ರಿ, ಶಾಲೆ, ಕಚೇರಿಗಳಿಗೆ ಮಾಡಿಕೊಟ್ಟ ಫೈಬರ್‌ಗ್ಲಾಸ್ ಕುರ್ಚಿ ನಿಜಕ್ಕೂ ಹಳೆಯವೇ, ಗಟ್ಟಿಯೂ ಹೌದು, ಬೆಲೆ ಮಾತ್ರ ಬೇರೆ. ಒಂಟಿ ಕಾಲಿನ, ಹೂವಿನ ಹಾಗೆ ಅರಳಿದ ಬಿಳಿ ಚಿಪ್ಪು ಕಂಡರೆ ಅದು ಈಮ್ಸ್ ಅಲ್ಲವೇ ಅಲ್ಲ. ಈರೋ ಸಾರಿನೆನ್ 1950ರ ದಶಕದಲ್ಲಿ ನೋಲ್ ಕಂಪನಿಗೆ ಮಾಡಿದ ಟ್ಯುಲಿಪ್ ಇರಬಹುದು, ಅಥವಾ ಡಲ್ಲಾಸಿನ ಬರ್ಕ್ ಮಾಡಿದ ಅದರ ತಮ್ಮ. ಕೆಳಗೆ ನೋಡಿ: ನೋಲ್‌ನದು ದುಂಡನೆಯ ತಟ್ಟೆಯ ಪಾದ, ಬರ್ಕ್‌ನದು ಫ್ಯಾನಿನ ರೆಕ್ಕೆಯ ಹಾಗೆ ಚಾಚಿದ ಪಾದ. ಸ್ಟಾರ್ ಟ್ರೆಕ್ ಹಳೇ ಟಿವಿ ಸರಣಿಯ ಅಂತರಿಕ್ಷ ಹಡಗಿನಲ್ಲಿದ್ದವು ಬರ್ಕ್ ಕುರ್ಚಿಗಳೇ, ಹಾಗಾಗಿ ಅದಕ್ಕೂ ಅದರದೇ ಅಭಿಮಾನಿ ಬಳಗ ಇದೆ.

ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ

ಮುಂದಿನಿಂದ ತೆಗೆದ ಚಂದದ ಫೋಟೋ ಒಂದೇ ಹಾಕಿದ್ದರೆ ಇಷ್ಟು ಕೇಳಿ: ಬೋರಲು ಹಾಕಿದ ಪೂರ್ತಿ ತಳ, ಗುರುತಿನ ಹತ್ತಿರದ ಫೋಟೋ, ನಾಲ್ಕೂ ಬಿಲ್ಲೆ ಪಕ್ಕದಿಂದ, ಅಂಚು ಬೆಳಕಿಗೆ ಹಿಡಿದು ಒಂದು, ಕಾಲಿನ ತುದಿ. ಕೇಳಿದ್ದು ಕಳಿಸದೆ ಮತ್ತೆ ಅದೇ ಮುಂದಿನ ಫೋಟೋ ಕಳಿಸಿದರೆ ಉತ್ತರ ಸಿಕ್ಕಿದ ಹಾಗೇ. ಬಿಲ್ಲೆ ಸುತ್ತ ನಕ್ಷತ್ರದ ಹಾಗೆ ಹರಡಿದ ಬಿರುಕು ಇದೆಯಾ, ಕೂರುವ ಜಾಗದಲ್ಲಿ ಮೇಲಿನಿಂದ ಬೋಲ್ಟ್ ಹೊಡೆದ ತೂತು ಇದೆಯಾ ಅಂತ ಬಾಯಿಬಿಟ್ಟು ಕೇಳಿ. ಬಿಲ್ಲೆ ಬಿದ್ದಾಗ ಅಂಟಿನ ತಾಪತ್ರಯ ಬೇಡ ಅಂತ ತೂತು ಕೊರೆದು ಬೋಲ್ಟ್ ಹಾಕಿದ ಪುಣ್ಯಾತ್ಮರು ಬಹಳ ಇದ್ದಾರೆ. ಬಟ್ಟೆ ಅಥವಾ ರೆಕ್ಸಿನ್ ಹೊದಿಸಿದ್ದರೆ ಒಳಗಿನ ಚಿಪ್ಪಿನ ಸ್ಥಿತಿ ಗೊತ್ತಾಗುವುದಿಲ್ಲ, ತೆಗೆದರೆ ಅಂಟಿನ ಕಲೆ ಬಿಡಿಸಲು ಎರಡು ಭಾನುವಾರ ಹೋಗುತ್ತವೆ. ಆ ಲೆಕ್ಕ ಹಿಡಿದು ಬೆಲೆ ಮಾತಾಡಿ.

ಬಿಲ್ಲೆ ಬಿಟ್ಟಿದೆ, ಉಳಿದದ್ದೆಲ್ಲ ಚೆನ್ನಾಗಿದೆ ಅಂದರೆ ಹೆದರದೆ ತೆಗೆದುಕೊಳ್ಳಿ. ಹೊಸ ಬಿಲ್ಲೆ ಸಿಗುತ್ತವೆ, ಹಳೇ ಅಂಟು ಪೂರ್ತಿ ಕೆರೆದು, ಎರಡು ಭಾಗದ ಎಪಾಕ್ಸಿ ಹಚ್ಚಿ, ಕಾಲನ್ನೂ ಕೂರಿಸಿ ಅಳತೆ ಸರಿ ಇದೆಯಾ ನೋಡಿಕೊಂಡು, ಮೇಲೆ ಭಾರ ಇಟ್ಟು ಪೊಟ್ಟಣದ ಮೇಲೆ ಬರೆದಷ್ಟು ಹೊತ್ತು ಬಿಡಿ. ನಾನು ಭಾರಕ್ಕೆ ಹತ್ತು ಕೆಜಿಯ ಸೋನಾ ಮಸೂರಿ ಚೀಲ ಇಡುತ್ತೀನಿ. ಭಾವನ ಹಳದಿ ಕುರ್ಚಿ ಹಾಗೇ ರಿಪೇರಿಯಾಗಿ ನಾಲ್ಕು ವರ್ಷ ಆಯಿತು, ಅಲುಗಿಲ್ಲ. ಅಮ್ಮ ಬಂದಾಗ ಅವರೇ ಅದರಲ್ಲಿ ಕೂತು ಅವರೆಕಾಯಿ ಸುಲಿಯುತ್ತಾರೆ, "ಬಸ್ ಇನ್ನೂ ಬರಲಿಲ್ವಲ್ಲೋ" ಅಂತ ಒಂದು ಸಲವಾದರೂ ಅಂದೇ ಅನ್ನುತ್ತಾರೆ.